ಮರದ ಬೀಜಕ್ಕೆ ಬಜೆ, ಬೇವು, ಹೊಂಗೆಯ ಕಾವಲು

ಆ ವರ್ಷ ಬಾಗೆ ಬೀಜ ಒಂದು ಚೀಲದಷ್ಟು ಕೂಡಿಸಿದ್ದೆ. ಬೇಸಿಗೆ ಶುರುವಾಗುವ ಹೊತ್ತಿಗೆ ಬಾಗೆ ಕಾಯಿ ಒಣಗಿ, ಗಾಳಿ ಬೀಸಿದಾಗಲೆಲ್ಲ ಮರ ಪೂರ್ತಿ ಗಲಗಲ ಅನ್ನುತ್ತದೆ. ಆಗ ಕಾಯಿ ಕೊಯ್ದು, ಕೋಲಲ್ಲಿ ಬಡಿದು, ಮೊರದಲ್ಲಿ ಕೇರಿ, ಬೀಜವನ್ನು ಗೋಣಿಚೀಲಕ್ಕೆ ತುಂಬಿ ಅಟ್ಟದ ಮೇಲಿಟ್ಟಿದ್ದೆ. ಜೂನಿನಲ್ಲಿ ಮೊದಲ ಮಳೆ ಬಿತ್ತು. ಕವರುಗಳಿಗೆ ಮಣ್ಣು ತುಂಬಿಸಿ ಚೀಲ ಬಿಚ್ಚಿದೆ. ತಳದಲ್ಲಿ ಬರೀ ಹಿಟ್ಟು. ಬೀಜಗಳ ಮೈಮೇಲೆಲ್ಲ ಗುಂಡುಸೂಜಿಯ ತಲೆಯಷ್ಟು ದುಂಡನೆಯ ತೂತು. ಒಂದು ಹಿಡಿ ಎತ್ತಿಕೊಂಡರೆ ಕೈಗೆ ತೂಕವೇ ಸಿಗಲಿಲ್ಲ.

ಮನೆಯಲ್ಲಿ ಅವರೆಕಾಳಿಗೆ ಕುಟ್ಟೆ ಹಿಡಿದರೆ ಅಂಗಡಿಯಿಂದ ಬೇರೆ ಕಾಳು ತರಬಹುದು. ಮರದ ಬೀಜ ಹಾಗಲ್ಲ. ಮರ ಕಾಯಿ ಬಿಡುವುದು ವರ್ಷಕ್ಕೆ ಒಮ್ಮೆ. ಬೀಜ ಹೋಯಿತು ಅಂದರೆ ಆ ವರ್ಷದ ಸಸಿಯೂ ಹೋಯಿತು. ಕೊರಟಗೆರೆ ಸೀಮೆಯಲ್ಲಿ ನನ್ನದು ಮನೆ ಹಿತ್ತಲಿನ ಸಣ್ಣ ನರ್ಸರಿ. ಅಂದಿನಿಂದ ಬೀಜ ಕಾಪಾಡುವ ಬಗ್ಗೆ ಸಿಕ್ಕಿದ್ದೆಲ್ಲ ಓದಿದ್ದೇನೆ, ಕೇಳಿದ್ದೇನೆ, ಡಬ್ಬಿಗಳಲ್ಲಿ ಇಟ್ಟು ನೋಡಿದ್ದೇನೆ. ಹೊಲದ ಬದುವಿಗೆ ನಾಲ್ಕು ಮರ ಬೆಳೆಸಬೇಕು ಅನ್ನುವವರಿಗೆ, ಶಾಲೆಗಳಲ್ಲಿ ಬೀಜದುಂಡೆ ಮಾಡಿಸುವ ಮೇಷ್ಟ್ರುಗಳಿಗೆ ಇದು ಉಪಯೋಗಕ್ಕೆ ಬರುತ್ತದೆ ಅಂತ ಬರೆಯುತ್ತಿದ್ದೇನೆ. ಯಾಕೆಂದರೆ ಮಕ್ಕಳು ಅಷ್ಟು ಪ್ರೀತಿಯಿಂದ ಕಟ್ಟಿದ ಉಂಡೆಯೊಳಗೆ ತೂತು ಬೀಜ ಇದ್ದರೆ ಗುಡ್ಡದ ಮೇಲೆ ಉಳಿಯುವುದು ಮಣ್ಣುಂಡೆ ಅಷ್ಟೇ.

ಹುಳ ಎಲ್ಲಿಂದ ಬಂತು?

ಚೀಲ ಕಟ್ಟಿಟ್ಟ ಮೇಲೆ ಎಲ್ಲಿಂದಲೋ ಹುಳ ಬಂದು ಸೇರಿಕೊಂಡಿತು ಅಂತ ನಾವು ಅಂದುಕೊಳ್ಳುತ್ತೇವೆ. ಬಹಳ ಸಲ ಅದು ಮರದಿಂದಲೇ ಬೀಜದ ಜೊತೆ ಬಂದಿರುತ್ತದೆ.

ಈ ದುಂಬಿಗಳ ಗುಂಪಿಗೆ ಬ್ರೂಚಿಡ್ ಅಂತ ಹೆಸರು. ಅಲಸಂದೆ, ಹೆಸರುಕಾಳಿನ ಡಬ್ಬಿಯಲ್ಲಿ ಕಾಣುವ ಸಣ್ಣ ಕಂದು ದುಂಬಿ ಇದೇ ಗುಂಪಿನದು. ಕಾಯಿ ಬಿಡುವ ಮರಗಳಲ್ಲಿ ಹುಣಸೆ, ಬಾಗೆ, ಕರಿಜಾಲಿ, ಸುಬಾಬುಲ್ ಬೀಜಗಳಿಗೆ ಇವುಗಳ ಕಾಟ ಜಾಸ್ತಿ. ಹೆಣ್ಣು ದುಂಬಿ ಒಣಗಿದ ಕಾಯಿಯ ಮೇಲೋ ಬೀಜದ ಮೇಲೋ ಮೊಟ್ಟೆಯನ್ನು ಅಂಟಿಸುತ್ತದೆ. ಹತ್ತಿರ ಹಿಡಿದು ನೋಡಿದರೆ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆ ಕಾಣುತ್ತದೆ. ಮೊಟ್ಟೆಯೊಡೆದ ಮರಿ ಹೊರಗೆ ಓಡಾಡುವುದೇ ಇಲ್ಲ. ಅಂಟಿಕೊಂಡ ಜಾಗದಲ್ಲೇ ಸಿಪ್ಪೆ ಕೊರೆದು ನೇರ ಒಳಗೆ ಇಳಿಯುತ್ತದೆ. ಅದು ಒಳಗಿನ ಬೇಳೆಯನ್ನು ತಿಂದು ಬೆಳೆಯುತ್ತದೆ, ಕೋಶವಾಗುತ್ತದೆ, ಕೊನೆಗೆ ದುಂಬಿಯಾಗಿ ದುಂಡನೆಯ ಬಾಗಿಲು ಕತ್ತರಿಸಿಕೊಂಡು ಆಚೆ ಬರುತ್ತದೆ. ನಮಗೆ ಕಾಣುವ ತೂತು ಹುಳ ಒಳಗೆ ಹೋದ ದಾರಿಯಲ್ಲ, ಹೊರಗೆ ಬಂದ ದಾರಿ. ತೂತು ಕಂಡಾಗ ಆ ಬೀಜದ ಕಥೆ ಬಹುಮಟ್ಟಿಗೆ ಮುಗಿದಿರುತ್ತದೆ, ಪಕ್ಕದ ಬೀಜದ ಕಥೆ ಶುರುವಾಗಿರುತ್ತದೆ.

ನಮ್ಮ ತುಮಕೂರು ಜಿಲ್ಲೆಗೆ ಮುಖ್ಯವಾದದ್ದು ಹುಣಸೆ ದುಂಬಿ. ಶಾಸ್ತ್ರದ ಹೆಸರು ಕ್ಯಾರಿಡಾನ್ ಸೆರೇಟಸ್. ಕಾಳಿನ ದುಂಬಿಗಿಂತ ದೊಡ್ಡದು, ಸುಮಾರು ಅರ್ಧ ಸೆಂಟಿಮೀಟರ್ ಉದ್ದ, ಕೆಂಪು ಮಿಶ್ರಿತ ಕಂದು, ಹಿಂಗಾಲಿನ ತೊಡೆ ದಪ್ಪ. ಇದರ ಮರಿ ಹೊಟ್ಟೆ ತುಂಬಿದ ಮೇಲೆ ಬೀಜದಿಂದ ಆಚೆ ಬಂದು, ತೆಳು ಕಾಗದದಂಥ ಗೂಡು ನೇಯ್ದು ಅದರೊಳಗೆ ಕೋಶವಾಗುವುದುಂಟು. ಹುಣಸೆ ಬೀಜದ ರಾಶಿಯಲ್ಲಿ ಅಕ್ಕಿಕಾಳಿಗಿಂತ ಕೊಂಚ ದಪ್ಪಗೆ ಮಾಸಲು ಬಿಳಿಯ ಗೂಡುಗಳು ಅಂಟಿಕೊಂಡಿದ್ದರೆ ಇದೇ ಅಂತ ತಿಳಿಯಿರಿ.

ಇನ್ನೊಂದು ಸಂಗತಿ ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಇದೇ ದುಂಬಿ ಕಡಲೆಕಾಯಿಗೂ ಬೀಳುತ್ತದೆ. ಕಡಲೆಕಾಯಿ ದಕ್ಷಿಣ ಅಮೆರಿಕದಿಂದ ಬಂದ ಬೆಳೆ. ದುಂಬಿ ಮಾತ್ರ ಏಷ್ಯಾ, ಆಫ್ರಿಕಾದ ಮರಗಳ ಕಾಯಿ ತಿಂದುಕೊಂಡು ಇದ್ದದ್ದು. ಮನುಷ್ಯ ಕಡಲೆಕಾಯಿಯನ್ನು ತಂದು ಹುಣಸೆ ಮರದ ನೆರಳಲ್ಲಿ ಒಣಗಿಸಿದ, ದುಂಬಿಗೆ ಹೊಸ ಊಟ ಸಿಕ್ಕಿತು. ಪಾವಗಡ, ಮಧುಗಿರಿ, ಶಿರಾ ಕಡೆ ಕಡಲೆಕಾಯಿ ಚೀಲವೂ ಹುಣಸೆ ಬೀಜದ ಚೀಲವೂ ಒಂದೇ ಕೋಣೆಯಲ್ಲಿ ಇರುವ ಮನೆಗಳು ಎಷ್ಟೋ ಇವೆ. ಒಂದರಿಂದ ಇನ್ನೊಂದಕ್ಕೆ ದಾಟಲು ದುಂಬಿಗೆ ಗೋಡೆಯೂ ಅಡ್ಡವಿಲ್ಲ. ಸಾಧ್ಯವಾದರೆ ಇವೆರಡನ್ನೂ ಬೇರೆ ಬೇರೆ ಕಡೆ ಇಡಿ.

ಇವು ಎಷ್ಟು ಬೇಗ ಹೆಚ್ಚುತ್ತವೆ ಅನ್ನುವುದಕ್ಕೆ ಕಾಳಿನ ದುಂಬಿಯ ಲೆಕ್ಕ ನೋಡಿ. ಒಂದು ಹೆಣ್ಣು ಸುಮಾರು 80 ಮೊಟ್ಟೆ ಇಡುತ್ತದೆ. ಅರ್ಧ ಸತ್ತು, ಉಳಿದ 40ರಲ್ಲಿ 20 ಹೆಣ್ಣಾದವು ಅಂತಿಟ್ಟುಕೊಳ್ಳಿ. ಸೆಕೆಗಾಲದಲ್ಲಿ ಒಂದು ತಲೆಮಾರಿಗೆ ತಿಂಗಳು ಸಾಕು. ಎರಡನೇ ತಿಂಗಳಿಗೆ 400 ಹೆಣ್ಣು, ಮೂರನೇ ತಿಂಗಳಿಗೆ 8,000. ಹುಣಸೆ ದುಂಬಿ ಇದಕ್ಕಿಂತ ನಿಧಾನ, ಒಂದು ಸುತ್ತಿಗೆ ಒಂದೂವರೆ ತಿಂಗಳಾದರೂ ಬೇಕು. ಆದರೂ ಮಾರ್ಚ್‌ನಲ್ಲಿ ಕಟ್ಟಿಟ್ಟ ಚೀಲದಲ್ಲಿ ಜೂನ್ ಹೊತ್ತಿಗೆ ಎರಡು ಸುತ್ತು ಮುಗಿದಿರುತ್ತದೆ.

ಕಾಳು ಬೇರೆ, ಬಿತ್ತನೆ ಬೀಜ ಬೇರೆ

ತಿನ್ನುವ ಕಾಳನ್ನು ಕಾಪಾಡುವಾಗ ನಮಗೆ ಬೇಕಿರುವುದು ಊಟಕ್ಕೆ ಯೋಗ್ಯವಾದ ಕಾಳು. ಒಳಗಿನ ಮೊಳಕೆ ಸತ್ತರೂ ಸಾರಿಗೆ ಏನೂ ಆಗುವುದಿಲ್ಲ. ಬಿತ್ತನೆ ಬೀಜದಲ್ಲಿ ಲೆಕ್ಕ ತಲೆಕೆಳಗು. ಅದಕ್ಕೆ ಹಾಕಿದ ಪುಡಿ ನಾಲಿಗೆಗೆ ಕಹಿಯಾದರೂ ಪರವಾಗಿಲ್ಲ, ಯಾರೂ ತಿನ್ನುವುದಿಲ್ಲ. ಆದರೆ ಒಳಗಿನ ಜೀವಕ್ಕೆ ಏನೂ ಆಗಕೂಡದು. ಹುಳವೂ ಸತ್ತು ಬೀಜವೂ ಸತ್ತರೆ ಏನು ಬಂತು? ಹಾಗಾಗಿ ಯಾವ ಮದ್ದು ಹಾಕಿದರೂ ನಾನು ಕೇಳುವ ಪ್ರಶ್ನೆ ಒಂದೇ: ಬಿತ್ತಿದ 100 ಬೀಜದಲ್ಲಿ ಎಷ್ಟು ಹುಟ್ಟಿತು?

ಗೋದಾಮುಗಳಲ್ಲಿ ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ಬೀಜದೊಳಗಿನ ಹುಳವನ್ನೂ ಕೊಲ್ಲುತ್ತದೆ, ನಿಜ. ಅದರಿಂದ ಏಳುವ ಫಾಸ್ಫೀನ್ ಗಾಳಿ ಮನುಷ್ಯರನ್ನೂ ಕೊಲ್ಲುತ್ತದೆ. ಜನ ಮಲಗುವ ಮನೆಯಲ್ಲಿ, ಅಟ್ಟದಲ್ಲಿ, ದನದ ಕೊಟ್ಟಿಗೆಯ ಪಕ್ಕದಲ್ಲಿ ಅದನ್ನು ಇಡಲೇಬಾರದು. ಈ ಮಾತನ್ನು ನಾನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ. ಐದು ಹತ್ತು ಕಿಲೋ ಬೀಜ ಇಟ್ಟುಕೊಳ್ಳುವ ನಮ್ಮಂಥವರಿಗೆ ಗಿಡಮೂಲದ ದಾರಿಯೇ ಸರಿ.

ಹಿಂದಿನವರು ಇದನ್ನು ಮಾಡುತ್ತಲೇ ಇದ್ದರು, ಅಲ್ವಾ? ತೊಗರಿಗೆ ಕೆಮ್ಮಣ್ಣು ಕಟ್ಟುವುದು, ಕಾಳಿಗೆ ಹರಳೆಣ್ಣೆ ಸವರುವುದು, ಗುಡಾಣದಲ್ಲಿ ಬೂದಿ ಬೆರೆಸಿ ಇಡುವುದು, ಬೇವಿನ ಸೊಪ್ಪು, ಲಕ್ಕಿ ಸೊಪ್ಪು ಹಾಕುವುದು. ಇವೆಲ್ಲ ಒಂದೇ ಕೆಲಸ ಮಾಡುವುದಿಲ್ಲ. ಬೂದಿ, ಕೆಮ್ಮಣ್ಣು ದುಂಬಿಯ ಮೈಮೇಲಿನ ಮೇಣದ ಪದರವನ್ನು ಉಜ್ಜಿ ಅದನ್ನು ಒಣಗಿಸುತ್ತವೆ, ಕಾಳುಗಳ ನಡುವಿನ ಸಂದು ತುಂಬಿ ಓಡಾಟ ತಪ್ಪಿಸುತ್ತವೆ. ಎಣ್ಣೆ ಮೊಟ್ಟೆಯ ಉಸಿರು ಕಟ್ಟುತ್ತದೆ. ಸೊಪ್ಪಿನ ವಾಸನೆ ದುಂಬಿಯನ್ನು ದೂರ ಇಡುತ್ತದೆ. ಯಾವುದು ಯಾವ ಕೆಲಸಕ್ಕೆ ಅಂತ ಗೊತ್ತಿದ್ದರೆ ತಪ್ಪು ಕಡಿಮೆ.

ನಮ್ಮ ಗದ್ದೆಯ ಬಜೆ

ಮೊದಲು ಬಜೆ. ಇದಕ್ಕೆ ಜಾಸ್ತಿ ಜಾಗ ಕೊಡುತ್ತೇನೆ, ಯಾಕೆಂದರೆ ಇದು ನಮ್ಮ ನೆಲದ್ದು. ಬಜೆ ಬೆಳೆಯುವ ಜಾಗ ಯಾವುದು ಅಂತ ಔಷಧಿ ಗಿಡಗಳ ಪುಸ್ತಕ ತೆಗೆದರೆ ಕಾಶ್ಮೀರ, ಹಿಮಾಚಲ, ಮಣಿಪುರದ ಜೌಗು ನೆಲಗಳ ಜೊತೆಗೆ ಕರ್ನಾಟಕದ ಕೊರಟಗೆರೆ ತಾಲ್ಲೂಕಿನ ಹೆಸರಿರುತ್ತದೆ. ಭತ್ತದ ಗದ್ದೆಯಂಥ ನೀರು ನಿಲ್ಲುವ ನೆಲ ಇದಕ್ಕೆ ಬೇಕು. ಮಣ್ಣೊಳಗೆ ಗಂಟುಗಂಟಾಗಿ ಹಬ್ಬುವ ಬೇರುಗಡ್ಡೆಯೇ ಬಜೆ. ಅಗೆದು, ತುಂಡು ಮಾಡಿ, ಒಣಗಿಸಿ ಮಾರುತ್ತಾರೆ. ಬಾಣಂತಿ ಇರುವ ಮನೆಯಲ್ಲಿ ಇದರ ವಾಸನೆ ಗೊತ್ತಿಲ್ಲದವರು ಯಾರು?

ಬಜೆಯ ಎಣ್ಣೆಯಲ್ಲಿ ಬೀಟಾ ಅಸರೋನ್ ಅನ್ನುವ ರಾಸಾಯನಿಕ ಇದೆ. 1977ರಲ್ಲಿ ಜಮ್ಮುವಿನ ವಿಜ್ಞಾನಿಗಳು ಇದು ಹೆಣ್ಣು ಕೀಟಗಳ ಅಂಡಾಶಯ ಬೆಳೆಯದಂತೆ ತಡೆಯುತ್ತದೆ ಅಂತ ತೋರಿಸಿದರು. ಅಂದರೆ ದುಂಬಿ ಕೂಡಲೇ ಸಾಯದಿದ್ದರೂ ಬಂಜೆಯಾಗುತ್ತದೆ. ಮೇಲೆ ಹೇಳಿದ 80, 400, 8,000ದ ಲೆಕ್ಕವನ್ನು ನೆನಪಿಸಿಕೊಳ್ಳಿ. ಮೊದಲ ಹೆಣ್ಣೇ ಮೊಟ್ಟೆ ಇಡದಿದ್ದರೆ ಆ ಸರಪಳಿ ಅಲ್ಲಿಗೇ ಕಡಿಯಿತು. ಇದರ ಆವಿಯೂ ಕೆಲಸ ಮಾಡುತ್ತದೆ, ಹಾಗಾಗಿ ಪುಡಿ ತಗಲದ ಬೀಜಕ್ಕೂ ಸ್ವಲ್ಪ ರಕ್ಷಣೆ ಸಿಗುತ್ತದೆ. ಎಲ್ಲ ದೇಶದ ಬಜೆಯೂ ಒಂದೇ ಅಲ್ಲ. ಅಮೆರಿಕದ ಕಾಡು ಬಜೆಯಲ್ಲಿ ಬೀಟಾ ಅಸರೋನ್ ಇಲ್ಲವೇ ಇಲ್ಲ. ನಮ್ಮ ದೇಶದ ಬಜೆಯಲ್ಲಿ ಅದು ಹೇರಳ.

ಕಾಳಿನ ಬಿತ್ತನೆ ಬೀಜಕ್ಕೆ ಬಳಕೆಯಲ್ಲಿರುವ ಅಳತೆ ಕಿಲೋಗೆ 10 ಗ್ರಾಂ ಬಜೆ ಪುಡಿ. ಮರದ ಬೀಜಕ್ಕೂ ನಾನು ಅಲ್ಲಿಂದಲೇ ಶುರು ಮಾಡಿದೆ. ಪುಡಿ ನುಣ್ಣಗಿರಬೇಕು, ಬಟ್ಟೆಯಲ್ಲಿ ಜರಡಿ ಹಿಡಿದಷ್ಟು ನುಣ್ಣಗೆ. ತರಿತರಿಯಾದ ಪುಡಿ ಚೀಲದ ತಳ ಸೇರುತ್ತದೆ, ಬೀಜಕ್ಕೆ ಅಂಟುವುದಿಲ್ಲ. ಹಳೆಯ ಬಜೆ ಬೇಡ. ಮುರಿದರೆ ಮೂಗಿಗೆ ಹೊಡೆಯುವಷ್ಟು ವಾಸನೆ ಇರಬೇಕು. ಆ ವಾಸನೆಯೇ ಮದ್ದು.

ಇಲ್ಲೊಂದು ಎಚ್ಚರಿಕೆ. ಪ್ರಯೋಗಾಲಯದಲ್ಲಿ ಬೀಟಾ ಅಸರೋನ್ ಇಲಿಗಳಲ್ಲಿ ಗೆಡ್ಡೆ ತರಿಸಿತ್ತು. ಅಮೆರಿಕದಲ್ಲಿ 1968ರಿಂದ ಬಜೆಯನ್ನೂ ಅದರ ಎಣ್ಣೆಯನ್ನೂ ಆಹಾರಕ್ಕೆ ಬೆರೆಸುವಂತಿಲ್ಲ. ಆದ್ದರಿಂದ ಬಜೆ ಪುಡಿ ಬಿತ್ತನೆ ಬೀಜಕ್ಕೆ ಮಾತ್ರ. ಅಡುಗೆಗೆ ಇಟ್ಟ ಕಾಳಿಗೆ ಹಾಕಬೇಡಿ. ಪುಡಿ ಬೆರೆಸಿದ ಹುಣಸೆ ಬೀಜವನ್ನು ಬೀಜದ ವ್ಯಾಪಾರಿಗೆ ಮಾರುವ ರಾಶಿಗೆ ಸೇರಿಸಲೂ ಬೇಡಿ.

ಬೇವು

1959ರಲ್ಲಿ ಸುಡಾನಿನಲ್ಲಿ ಮಿಡತೆಯ ದಂಡು ಬಂದು ಸುತ್ತಲಿನ ಹಸಿರನ್ನೆಲ್ಲ ತಿಂದುಹಾಕಿತು. ಬೇವಿನ ಮರಗಳು ಮಾತ್ರ ಹಾಗೇ ನಿಂತಿದ್ದವು. ಅಲ್ಲಿದ್ದ ಜರ್ಮನಿಯ ಕೀಟತಜ್ಞ ಹೈನ್ರಿಕ್ ಶ್ಮುಟರರ್ ಇದನ್ನು ಕಣ್ಣಾರೆ ಕಂಡು ಬೇವಿನ ಬೆನ್ನು ಹತ್ತಿದರು. 1968ರಲ್ಲಿ ಇಂಗ್ಲೆಂಡಿನಲ್ಲಿ ಬೇರೆ ವಿಜ್ಞಾನಿಗಳು ಬೇವಿನ ಬೀಜದಿಂದ ಅಜಾಡಿರಾಕ್ಟಿನ್ ಅನ್ನುವ ರಾಸಾಯನಿಕವನ್ನು ಬೇರ್ಪಡಿಸಿದರು. ಇದು ಕೀಟದ ಬಾಯಿ ಕಟ್ಟುತ್ತದೆ. ಜೊತೆಗೆ ಮರಿ ಪೊರೆ ಕಳಚಿ ಬೆಳೆಯುವ ಕ್ರಮವನ್ನು ಕೆಡಿಸುತ್ತದೆ. ಪೊರೆ ಬಿಡಲಾಗದೆ ಮರಿ ಅಲ್ಲೇ ಸಾಯುತ್ತದೆ.

ಅಜಾಡಿರಾಕ್ಟಿನ್‌ಗೆ ಬಿಸಿಲು ಆಗದು. ಹೊಲದಲ್ಲಿ ಸಿಂಪಡಿಸಿದರೆ ಕೆಲವೇ ದಿನದಲ್ಲಿ ಸತ್ವ ಹೋಗುತ್ತದೆ. ಕತ್ತಲ ಕೋಣೆಯ ಡಬ್ಬಿಯಲ್ಲಿ ಅದಕ್ಕಿಂತ ಬಹಳ ಹೆಚ್ಚು ದಿನ ಇರುತ್ತದೆ. ಇದೇ ಕಾರಣಕ್ಕೆ ಬೇವಿನ ಬೀಜವನ್ನು ನೆರಳಲ್ಲಿ ಒಣಗಿಸಬೇಕು. ಜೂನ್, ಜುಲೈನಲ್ಲಿ ಹಣ್ಣು ಉದುರುತ್ತದೆ. ತಿರುಳು ತೊಳೆದು, ನೆರಳಲ್ಲಿ ಒಣಗಿಸಿ, ಓಡು ಒಡೆದು ಒಳಗಿನ ಪಪ್ಪನ್ನು ಕುಟ್ಟಿ ಪುಡಿ ಮಾಡಿ. ಕಿಲೋ ಬೀಜಕ್ಕೆ 20ರಿಂದ 50 ಗ್ರಾಂ ಹಾಕಬಹುದು. ಸೊಪ್ಪಿನಲ್ಲಿ ಅಜಾಡಿರಾಕ್ಟಿನ್ ಬಹಳ ಕಡಿಮೆ. ಸುಮ್ನೆ ನಾಲ್ಕು ಎಸಳು ಬೇವಿನ ಸೊಪ್ಪು ಹಾಕಿ ನಂಬಿ ಕೂರಬೇಡಿ. ಅದರಲ್ಲೂ ಹಸಿ ಸೊಪ್ಪು ಹಾಕಿದರೆ ತೇವ ಸೇರಿ ಬೂಷ್ಟು ಬರುತ್ತದೆ.

ಬೂಷ್ಟಿನ ಮಾತು ಬಂತು, ನನ್ನ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ತರಕಾರಿ ಬೆಳೆಗೆ ಹೊಡೆಯುವ ಶೇಕಡಾ 5ರ ಬೇವಿನ ಬೀಜದ ಕಷಾಯ ಗೊತ್ತಲ್ಲ, ಅದನ್ನೇ ಮಾಡಿ ಕರಿಜಾಲಿ ಬೀಜವನ್ನು ಅದ್ದಿ ತೆಗೆದೆ. ಒಂದು ದಿನ ಆರಿಸಿ ಡಬ್ಬಿಗೆ ತುಂಬಿದೆ. ಹದಿನೈದು ದಿನಕ್ಕೆ ಡಬ್ಬಿಯೊಳಗೆ ಬಿಳಿ ಬೂಷ್ಟು. ಕಷಾಯ ಅಂದರೆ ನೂರಕ್ಕೆ 95 ಪಾಲು ನೀರು. ಒಣಗಿದ ಬೀಜಕ್ಕೆ ನಾನೇ ನೀರು ಕುಡಿಸಿದ್ದೆ. ಕಷಾಯ ಬಳಸಲೇಬೇಕೆಂದರೆ ಖಾಲಿ ಗೋಣಿಚೀಲವನ್ನು ಅದರಲ್ಲಿ ನೆನೆಸಿ, ಗರಿಗರಿಯಾಗಿ ಒಣಗಿಸಿ, ಆಮೇಲೆ ಬೀಜ ತುಂಬಿ. ಚೀಲದ ಹೊರಗಿನಿಂದ ಬರುವ ದುಂಬಿಗೆ ಅದು ಒಳ್ಳೆಯ ತಡೆ.

ಎಣ್ಣೆ ಮತ್ತು ಉಳಿದವು

ಹೊಂಗೆ ಎಣ್ಣೆ, ಬೇವಿನ ಎಣ್ಣೆ, ಹರಳೆಣ್ಣೆ ಮೂರೂ ಮೊಟ್ಟೆಯ ಮೇಲೆ ಕೆಲಸ ಮಾಡುತ್ತವೆ. ಬ್ರೂಚಿಡ್ ಮೊಟ್ಟೆಯ ಒಂದು ತುದಿಯಲ್ಲಿ ಉಸಿರಾಡಲು ತೀರಾ ಸಣ್ಣ ಕೊಳವೆ ಇರುತ್ತದೆ. ಎಣ್ಣೆ ಅದನ್ನು ಮುಚ್ಚುತ್ತದೆ, ಒಳಗಿನ ಮರಿ ಉಸಿರುಗಟ್ಟಿ ಸಾಯುತ್ತದೆ. ಎಣ್ಣೆ ಹಚ್ಚಿದ ಬೀಜದ ಮೇಲೆ ಹೊಸ ಮೊಟ್ಟೆ ಸರಿಯಾಗಿ ಅಂಟುವುದೂ ಇಲ್ಲ. ಹೊಂಗೆಯಲ್ಲಿ ಕರಂಜಿನ್, ಬೇವಿನಲ್ಲಿ ಅಜಾಡಿರಾಕ್ಟಿನ್ ಇರುವುದರಿಂದ ಅವು ಹರಳೆಣ್ಣೆಗಿಂತ ಒಂದು ಕೈ ಮೇಲು.

ಅಳತೆ ಕಿಲೋ ಬೀಜಕ್ಕೆ 5 ಮಿಲಿಲೀಟರ್, ಅಂದರೆ ಒಂದು ಸಣ್ಣ ಚಮಚ. ಅಷ್ಟರಲ್ಲಿ ಏನಾಗುತ್ತದೆ ಅನ್ನಿಸಬಹುದು. ಅಗಲದ ಬೇಸಿನ್‌ನಲ್ಲಿ ಹಾಕಿ ಹತ್ತು ನಿಮಿಷ ಕೈಯಲ್ಲಿ ಉಜ್ಜುತ್ತಾ ಹೋದರೆ ಎಲ್ಲ ಬೀಜವೂ ಮಿರಮಿರ ಅನ್ನುತ್ತದೆ. ಜಾಸ್ತಿ ಹಾಕಿದರೆ ಮೊಳಕೆಗೆ ಪೆಟ್ಟು. ಹುಣಸೆ, ಬಾಗೆ, ಕರಿಜಾಲಿಯಂಥ ಗಟ್ಟಿ ಸಿಪ್ಪೆಯ ಬೀಜಕ್ಕೆ ಎಣ್ಣೆ ಒಗ್ಗುತ್ತದೆ. ತೆಳು ಸಿಪ್ಪೆಯ ಬೀಜಗಳಿಗೆ ನಾನು ಪುಡಿಯನ್ನೇ ಬಳಸುತ್ತೇನೆ.

ಸೀತಾಫಲದ ಬೀಜದ ಪುಡಿ ಬಲವಾದ ಕೀಟನಾಶಕ. ನಮ್ಮ ಗುಡ್ಡಗಳಲ್ಲಿ ಸೀತಾಫಲಕ್ಕೇನೂ ಬರವಿಲ್ಲ. ಆದರೆ ಆ ಪುಡಿ ಕಣ್ಣಿಗೆ ಬಿದ್ದರೆ ಕಣ್ಣುಗುಡ್ಡೆಯ ಮೇಲ್ಪದರವೇ ಸುಟ್ಟಂತಾಗುತ್ತದೆ. ಮಕ್ಕಳಿರುವ ಮನೆಯಲ್ಲಿ ಅದನ್ನು ಕುಟ್ಟುವುದು ನನಗೆ ಒಪ್ಪಿಗೆಯಿಲ್ಲ, ನಾನು ಅದನ್ನು ಬಿಟ್ಟಿದ್ದೇನೆ. ಗಿಡದ್ದು ಅಂದ ಮಾತ್ರಕ್ಕೆ ಸಾಧು ಅಲ್ಲ. ಹೊಗೆಸೊಪ್ಪಿನ ನಿಕೋಟಿನ್ ಕೂಡ ಗಿಡದ್ದೇ.

ಕೋಲಾರ, ಚಿಕ್ಕಬಳ್ಳಾಪುರದವರಿಗೆ ನೀಲಗಿರಿ ಕೈಗೆ ಸಿಗುವಷ್ಟು ಹತ್ತಿರ. ಅದರ ಎಣ್ಣೆಯಲ್ಲಿ ಸಿನಿಯೋಲ್ ಇದೆ. ಮುಚ್ಚಿದ ಡಬ್ಬಿಯಲ್ಲಿ ಅದರ ಆವಿ ದುಂಬಿಯ ನರಗಳನ್ನು ಕೆಡಿಸುತ್ತದೆ. ಹತ್ತಿಯಲ್ಲಿ ಕೆಲವು ಹನಿ ಹಾಕಿ ಡಬ್ಬಿಯ ಮುಚ್ಚಳಕ್ಕೆ ಅಂಟಿಸಿದರೆ ಸಾಕು. ಆದರೆ ಆವಿ ಬೇಗ ಹೋಗಿಬಿಡುತ್ತದೆ, ಗೋಣಿಚೀಲದಲ್ಲಂತೂ ಪ್ರಯೋಜನವೇ ಇಲ್ಲ. ಲಕ್ಕಿ ಸೊಪ್ಪು, ತುಳಸಿ, ಲಂಟಾನದ್ದೂ ಹೆಚ್ಚು ಕಡಿಮೆ ಇದೇ ಕಥೆ.

ಒಳಗೆ ಸೇರಿದ ಹುಳಕ್ಕೆ ಪುಡಿ ಮುಟ್ಟುವುದಿಲ್ಲ

ಬಜೆ, ಬೇವು ಹಾಕಿದೆ, ಆದರೂ ತೂತು ಬಿತ್ತು ಅಂತ ಹೇಳುವವರನ್ನು ಎಷ್ಟೋ ಜನ ಕಂಡಿದ್ದೇನೆ. ಅವರ ಮಾತು ಸುಳ್ಳಲ್ಲ. ಪುಡಿ ಇರುವುದು ಬೀಜದ ಮೇಲೆ, ಮರಿ ಇರುವುದು ಬೀಜದ ಒಳಗೆ. ನಡುವೆ ಹುಣಸೆ ಬೀಜದಂಥ ಕಲ್ಲು ಸಿಪ್ಪೆ. ಗಿಡಮೂಲದ ಮದ್ದುಗಳೆಲ್ಲ ಹೊಲದ ಬೇಲಿ ಇದ್ದಂತೆ. ಹೊರಗಿನ ದನವನ್ನು ತಡೆಯುತ್ತವೆ, ಆಗಲೇ ಒಳಗೆ ನುಗ್ಗಿ ಮೇಯುತ್ತಿರುವುದನ್ನು ಓಡಿಸುವುದಿಲ್ಲ. ಹಾಗಾಗಿ ಬೇಲಿ ಹಾಕುವ ಮುಂಚೆ ಒಳಗಿನದನ್ನು ಆಚೆ ಹಾಕಬೇಕು. ಮುಕ್ಕಾಲು ಪಾಲು ಕೆಲಸ ಇಲ್ಲೇ ಇದೆ.

ಕಾಯಿ ಬಲಿತ ಕೂಡಲೇ ಮರದಿಂದ ಕೊಯ್ಯಿರಿ. ನೆಲಕ್ಕೆ ಬಿದ್ದು ವಾರಗಟ್ಟಲೆ ಒಣಗಿದ ಕಾಯಿ ದುಂಬಿಗೆ ಬಡಿಸಿಟ್ಟ ಎಲೆ. ಹುಣಸೆಯಲ್ಲಿ ಓಡು ಬಿರುಕು ಬಿಟ್ಟ ಹಣ್ಣಿನ ಬೀಜ ಬಿತ್ತನೆಗೆ ಬೇಡ. ಬೀಜ ಬಿಡಿಸಿದ ಮೇಲೆ ತೂತು ಇರುವುದನ್ನೂ ಮೊಟ್ಟೆ ಅಂಟಿರುವುದನ್ನೂ ಆರಿಸಿ ತೆಗೆಯಿರಿ. ಒಂದು ಬಕೆಟ್ ನೀರಿಗೆ ಹಾಕಿದರೆ ಹುಳ ತಿಂದ ಬೀಜ ಬಹುಪಾಲು ತೇಲುತ್ತದೆ. ತೇಲಿದ್ದನ್ನು ತೆಗೆದು ಸುಟ್ಟುಹಾಕಿ, ತಿಪ್ಪೆಗೆ ಎಸೆಯಬೇಡಿ. ತಿಪ್ಪೆಯಿಂದ ದುಂಬಿ ವಾಪಸ್ ಬರುತ್ತದೆ. ಮುಳುಗಿದ್ದನ್ನು ತಡಮಾಡದೆ ತೆಗೆದು ತೆಳ್ಳಗೆ ಹರಡಿ, ಮೂರು ನಾಲ್ಕು ದಿನ ಚೆನ್ನಾಗಿ ಒಣಗಿಸಿ.

ಕಣ್ಣಿಗೆ ಕಾಣದ ಮರಿ ಒಳಗೆ ಇನ್ನೂ ಇರಬಹುದು. ಅದಕ್ಕೆ ಎರಡು ಉಪಾಯ. ಮೊದಲನೆಯದು ಗಾಳಿಯಾಡದ ಡಬ್ಬಿ. ಒಣ ಬೀಜವನ್ನು ಕುತ್ತಿಗೆವರೆಗೂ ತುಂಬಿ ಬಿಗಿಯಾಗಿ ಮುಚ್ಚಿದರೆ ಒಳಗಿನ ಹುಳಗಳು ಇದ್ದ ಆಮ್ಲಜನಕವನ್ನು ತಾವೇ ಮುಗಿಸಿ ಸಾಯುತ್ತವೆ. ಕ್ಯಾಮರೂನಿನ ಅಲಸಂದೆ ಬೆಳೆಗಾರರಿಗಾಗಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 1980ರ ದಶಕದಲ್ಲಿ ಮೂರು ಪದರದ ಚೀಲ ಮಾಡಿದ್ದು ಇದೇ ತತ್ವದ ಮೇಲೆ. ಅರ್ಧ ತುಂಬಿದ ಡಬ್ಬಿಯಲ್ಲಿ ಗಾಳಿ ಜಾಸ್ತಿ ಇರುತ್ತದೆ, ಅಲ್ಲಿ ಇದು ನಡೆಯುವುದಿಲ್ಲ. ಎರಡನೆಯದು ಫ್ರಿಜ್ಜಿನ ಮೇಲಿನ ಖಾನೆ, ಅಂದರೆ ಐಸ್ ಆಗುವ ಜಾಗ. ಪೂರ್ತಿ ಒಣಗಿದ ಸ್ವಲ್ಪವೇ ಬೀಜ ಇದ್ದರೆ ಬಿಗಿಯಾಗಿ ಕಟ್ಟಿ ಒಂದು ವಾರ ಅಲ್ಲಿಡಬಹುದು. ತೇವ ಇರುವ ಬೀಜವನ್ನು ಹಾಗೆ ಇಟ್ಟರೆ ಮಂಜುಗಟ್ಟಿ ಬೀಜವೇ ಸಾಯುತ್ತದೆ.

ಒಣಗಿಸುವುದು ಹುಳಕ್ಕಷ್ಟೇ ಅಲ್ಲ, ಬೀಜದ ಆಯಸ್ಸಿಗೂ ಬೇಕು. ಬೀಜಶಾಸ್ತ್ರದಲ್ಲಿ ಹ್ಯಾರಿಂಗ್ಟನ್ ಅನ್ನುವ ವಿಜ್ಞಾನಿಯ ಒಂದು ಸರಳ ಲೆಕ್ಕ ಇದೆ. ತೇವಾಂಶ ಶೇಕಡಾ 1ರಷ್ಟು ಇಳಿದರೆ ಬೀಜದ ಆಯಸ್ಸು ಎರಡರಷ್ಟಾಗುತ್ತದೆ, ಇಟ್ಟ ಜಾಗದ ಬಿಸಿ 5 ಡಿಗ್ರಿ ಇಳಿದರೂ ಎರಡರಷ್ಟಾಗುತ್ತದೆ. ಹಂಚಿನ ಕೆಳಗಿನ ಅಟ್ಟಕ್ಕಿಂತ ನೆಲಮಟ್ಟದ ತಣ್ಣನೆಯ ಕೋಣೆ ಎಷ್ಟು ಮೇಲು ಅಂತ ಇದರಿಂದ ಗೊತ್ತಾಗುತ್ತದೆ. ನಾನು ಅಟ್ಟ ಬಿಟ್ಟಿದ್ದು ಈ ಲೆಕ್ಕ ಓದಿದ ಮೇಲೆ.

ಎಲ್ಲ ಬೀಜಕ್ಕೂ ಈ ಮಾತು ಸಲ್ಲದು. ಹಲಸು, ಮಾವು, ನೇರಳೆ ಬೀಜ ಒಣಗಿದರೆ ಸಾಯುತ್ತವೆ. ಬೇವಿನ ಬೀಜವೂ ಬಹಳ ದಿನ ಬಾಳುವುದಿಲ್ಲ. ಇವನ್ನು ಹಣ್ಣಿನಿಂದ ತೆಗೆದ ಕೂಡಲೇ ಬಿತ್ತಿಬಿಡಿ.

ಕರಿಜಾಲಿಗೆ ನಮ್ಮ ಕುರಿಗಾಹಿಗಳ ದಾರಿ ಇನ್ನೂ ಸೊಗಸು. ಕುರಿ, ಮೇಕೆ ಜಾಲಿಕಾಯಿ ತಿಂದು ಬೀಜವನ್ನು ಹಟ್ಟಿಯಲ್ಲಿ ಉದುರಿಸುತ್ತವೆ. ಹೊಟ್ಟೆಯೊಳಗಿನ ಬಿಸಿ, ಹುಳಿಗೆ ಎಳೆಯ ಮರಿ ಸತ್ತಿರುತ್ತದೆ, ಗಟ್ಟಿ ಸಿಪ್ಪೆಯೂ ಮೆತ್ತಗಾಗಿರುತ್ತದೆ. ಹಟ್ಟಿಯ ಗೊಬ್ಬರದಿಂದ ಆರಿಸಿದ ಬೀಜ ಬೇಗ ಹುಟ್ಟುತ್ತದೆ. ಶಿರಾ, ಪಾವಗಡದ ಕಡೆಯವರು ಇದನ್ನು ಬಿಟ್ಟು ಬೇರೆ ಕಡೆ ಬೀಜ ಹುಡುಕುವ ಅಗತ್ಯವೇ ಇಲ್ಲ.

ನೀವೇ ಇಟ್ಟು ನೋಡಿ

ನಾನು ಹೇಳಿದ ಅಳತೆಗಳು ಹೆಚ್ಚಾಗಿ ಕಾಳಿನ ಬಿತ್ತನೆ ಬೀಜದಿಂದ ಬಂದವು. ಒಂದೊಂದು ಬೇವಿನ ಮರದ ಬೀಜಕ್ಕೂ ಒಂದೊಂದು ಸತ್ವ. ಬಜೆಯೂ ಹಾಗೆಯೇ. ಆದ್ದರಿಂದ ಪೂರ್ತಿ ಚೀಲಕ್ಕೆ ಹಾಕುವ ಮೊದಲು ನಾಲ್ಕು ಗಾಜಿನ ಡಬ್ಬಿ ತೆಗೆದುಕೊಳ್ಳಿ. ಒಂದೊಂದಕ್ಕೂ ಆರಿಸಿದ 100 ಬೀಜ ಎಣಿಸಿ ಹಾಕಿ. ಒಂದಕ್ಕೆ ಬಜೆ, ಒಂದಕ್ಕೆ ಬೇವು, ಒಂದಕ್ಕೆ ಹೊಂಗೆ ಎಣ್ಣೆ, ನಾಲ್ಕನೆಯದಕ್ಕೆ ಏನೂ ಬೇಡ. ಆ ನಾಲ್ಕನೆಯದು ಬಹಳ ಮುಖ್ಯ. ಅದಿಲ್ಲದಿದ್ದರೆ ಹುಳ ಬೀಳದೇ ಇದ್ದದ್ದು ಮದ್ದಿನಿಂದಲೋ, ಹುಳವೇ ಇರಲಿಲ್ಲವೋ ತಿಳಿಯುವುದಿಲ್ಲ. ಬಾಯಿಗೆ ತೆಳು ಬಟ್ಟೆ ಕಟ್ಟಿ ಹೆಸರು, ತಾರೀಖು ಬರೆದಿಡಿ. ಮೂರು ತಿಂಗಳಾದ ಮೇಲೆ ತೂತು ಎಣಿಸಿ. ಆಮೇಲೆ ತೂತಿಲ್ಲದ ಬೀಜದಲ್ಲಿ ಒಂದೊಂದು ಡಬ್ಬಿಯಿಂದಲೂ 50 ತೆಗೆದು ಒದ್ದೆ ಮರಳಿನಲ್ಲಿ ಹಾಕಿ, ಎಷ್ಟು ಮೊಳೆಯಿತು ಅಂತ ಬರೆದುಕೊಳ್ಳಿ. ಎರಡು ಅಂಕಿಯನ್ನೂ ಒಟ್ಟಿಗೆ ನೋಡಿದರೆ ನಿಮ್ಮ ಬೀಜಕ್ಕೆ ಯಾವುದು ಸರಿ ಅಂತ ನಿಮಗೇ ಗೊತ್ತಾಗುತ್ತದೆ. ಸಂದೇಹ ಬಂದರೆ ತುಮಕೂರಿನ ಹತ್ತಿರ ಹಿರೇಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ಚಿಂತಾಮಣಿ, ಕೋಲಾರದಲ್ಲೂ ಇವೆ.

ಡಬ್ಬಿಯಲ್ಲಿ ದುಂಬಿಗಿಂತ ಚಿಕ್ಕದಾದ, ಕಪ್ಪಗೆ ಮಿನುಗುವ ಸಣ್ಣ ಕಣಜ ಕಂಡರೆ ಗಾಬರಿ ಬೀಳಬೇಡಿ. ಅವು ಬೀಜ ತಿನ್ನುವುದಿಲ್ಲ. ಬೀಜದೊಳಗಿನ ದುಂಬಿ ಮರಿಯನ್ನು ಹುಡುಕಿ ಅದರ ಮೇಲೆ ಮೊಟ್ಟೆ ಇಡುವ ಜಾತಿಯವು.

ಬಿತ್ತುವ ಹಿಂದಿನ ದಿನ ಪುಡಿ, ಎಣ್ಣೆಯನ್ನು ತೊಳೆಯಬೇಕು. ಎಣ್ಣೆ ಹಚ್ಚಿದ್ದಕ್ಕೆ ಸ್ವಲ್ಪ ಸೀಗೆಪುಡಿ ಹಾಕಿ ಉಜ್ಜಿದರೆ ಸಿಪ್ಪೆಗೆ ನೀರು ತಾಗುತ್ತದೆ. ಬಾಗೆ, ಕರಿಜಾಲಿ ಬೀಜಕ್ಕೆ ಕುದಿಸಿ ಇಳಿಸಿದ ನೀರು ಹೊಯ್ದು, ಅದೇ ನೀರಿನಲ್ಲಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಉಬ್ಬಿದ್ದನ್ನು ಆರಿಸಿ ಬಿತ್ತಿ, ಉಬ್ಬದ್ದಕ್ಕೆ ಇನ್ನೊಮ್ಮೆ ಬಿಸಿನೀರು. ಹುಣಸೆಯಲ್ಲಿ ಆರಿಸಿ ತೆಗೆದ ಬೀಜಗಳ ಪೈಕಿ ಒಂದೇ ತೂತು ಇರುವುದನ್ನೆಲ್ಲ ಎಸೆಯಬೇಕಾಗಿಲ್ಲ. ಬೀಜ ದೊಡ್ಡದು, ಮೊಳಕೆಯ ಜಾಗ ತಪ್ಪಿಸಿ ಹುಳ ತಿಂದಿದ್ದರೆ ಅದು ಹುಟ್ಟಬಹುದು, ಸಸಿ ಮಾತ್ರ ಸೊರಗಿರುತ್ತದೆ. ಅಂಥದ್ದನ್ನು ನಾನು ಬೇರೆ ಸಾಲಿನಲ್ಲಿ ಹಾಕುತ್ತೇನೆ. ಈ ಸಲ ಅದರಲ್ಲಿ ಏಳು ಹುಟ್ಟಿವೆ, ಬಾವಿಯ ಪಕ್ಕದಲ್ಲಿ ಇಟ್ಟಿದ್ದೇನೆ.